ಬ್ರೇಕಿಲ್ಲದ ಸೌದೆ ಹೊರೆ

"ಸೌದೆ ವಿಷಯ ನನಗೆ ಬಿಡು!" ಎಂದು ಅಂಗ್‌ರೂಪ್ ಮನೆಯ ಚಾವಣಿಯ ಮೇಲೆ ನಿಂತು ಫೋನಿನಲ್ಲಿ ಘೋಷಿಸಿದ. "ಮನೆ ತುಂಬಾ ಸೌದೆ ಇದೆ. ಒಳಗೆ ಕಾಲಿಡೋಕೆ ಜಾಗ ಇಲ್ಲ. ಇದರ ಹಿಂದೆ ಇನ್ನೊಂದು ಚಳಿಗಾಲ ಬಂದರೂ ಬರಲಿ, ಹೆದರೋ ಗಂಡಸಲ್ಲ ನಾನು!"

ಆಚೆ ಕಡೆ, ಬೆಟ್ಟದಾಚೆಯ ಕುಲ್ಲೂ ಪಟ್ಟಣದಲ್ಲಿದ್ದವಳು ಹೆಂಡತಿ ಯಾಂಗ್‌ಜೋಮ್. ತಂಗಿಯ ಬಾಣಂತನಕ್ಕೆಂದು ನಾಲ್ಕು ದಿನದ ಮಟ್ಟಿಗೆ ಹೋದವಳು, ಹಿಂದೆಯೇ ಹಿಮ ಬಿದ್ದು ರಸ್ತೆ ಮುಚ್ಚಿ, ಅಲ್ಲೇ ಉಳಿದುಬಿಟ್ಟಿದ್ದಳು. ಅವಳು ಫೋನನ್ನು ಕಿವಿಗೆ ಒತ್ತಿಕೊಂಡಳು.

"ಮತ್ತೆ ಹಲ್ಲು ಯಾಕೆ ಕಟಕಟ ಅಂತಿದೆ?"

"ಚಾವಣಿ ಮೇಲಿದ್ದೀನಿ ಮಾರಾಯ್ತಿ! ನಮ್ಮ ಮನೇಲಿ ಸಿಗ್ನಲ್ ಸಿಗೋದು ಇಲ್ಲೊಂದೇ ಮೂಲೇಲಿ, ನಿನಗೆ ಗೊತ್ತಿಲ್ವಾ?"

"ಸರಿ, ಕೆಳಗಿಳಿದು ಬೆಂಕಿ ಮುಂದೆ ಕೂತ್ಕೋ ಹೋಗು."

"ಕೂತು ಕೂತು ಸೆಕೆಯಾಗಿ ತಾನೇ ಮೇಲೆ ಬಂದಿದ್ದು!"

ಫೋನಿಟ್ಟು ಕೆಳಗಿಳಿದ. ಒಳಗೆ ಕಾಲಿಡಲು ಬೇಕಾದಷ್ಟು ಜಾಗವಿತ್ತು. ಬೇಕಾದರೆ ಮೆರವಣಿಗೆಯನ್ನೇ ನಡೆಸಬಹುದಿತ್ತು! ತಗಡಿನ ಒಲೆಯ ಪಕ್ಕ ಉಳಿದಿದ್ದುದು ಮೂರೇ ಕೊರಡು. ಅದರಲ್ಲೊಂದು ಎಂಥ ಗಂಟುಗಂಟಿನ ಆಸಾಮಿಯೆಂದರೆ, ಕೊಡಲಿ ತಾಗಿದಾಗಲೆಲ್ಲ ಕೊಡಲಿಯದೇ ತಪ್ಪು ಎಂಬಂತೆ ಅದನ್ನು ಹಿಂದಕ್ಕೆ ಎಸೆಯುತ್ತಿತ್ತು.

ಸೌದೆ ಇರಲಿಲ್ಲವೆಂದಲ್ಲ. ಮನೆಯ ಮೇಲ್ಗಡೆಯ ಹೊಲದಂಚಿನಲ್ಲಿ ಅಂಗ್‌ರೂಪ್‌ನ ವಿಲೋ ಮರಗಳಿದ್ದವು. ಶರತ್ಕಾಲದಲ್ಲಿ ಅವುಗಳ ಕೊಂಬೆ ಕಡಿದು, ಹೊರೆ ಕಟ್ಟಿ, ಅಲ್ಲೇ ಸಾಲಾಗಿ ಮಲಗಿಸಿದ್ದ. "ಹಿಮ ಬೀಳೋಕೆ ಮುಂಚೆ ಹೊತ್ತು ತಂದು ಹಾಕು," ಎಂದು ಯಾಂಗ್‌ಜೋಮ್ ಬಾಯಿ ನೋಯುವಷ್ಟು ಹೇಳಿದ್ದಳು.

"ಇಪ್ಪತ್ತು ವರ್ಷ ಈ ಕಣಿವೆ ದಾರೀಲಿ ಸರ್ಕಾರಿ ಬಸ್ ಓಡಿಸಿದವನು ನಾನು," ಎಂದಿದ್ದ ಅಂಗ್‌ರೂಪ್. "ಹಿಮದ ಮನಸ್ಸು ನನಗೆ ಗೊತ್ತು. ಬೀಳೋಕೆ ಮುಂಚೆ ನನ್ನನ್ನ ಕೇಳಿಯೇ ಬೀಳುತ್ತೆ."

ಹಿಮ ಕೇಳಲಿಲ್ಲ. ಮೂರು ದಿನ ಹಗಲೂ ರಾತ್ರಿ ಬಿತ್ತು. ಹೊಲ, ಹೊಲದ ಗೋಡೆ, ಹೊರೆ ಎಲ್ಲ ಒಂದೇ ಬಿಳಿ ಹೊದಿಕೆಯಡಿ ಮಲಗಿಬಿಟ್ಟವು.

ಆದರೆ ಸೌದೆ ತಾರದೆ ಇದ್ದುದಕ್ಕೆ ಸೋಮಾರಿತನವೊಂದೇ ಕಾರಣವಲ್ಲ. ನಿಜವಾದ ಕಾರಣದ ಹೆಸರು ತೋಬ್ದನ್. ಲಿಂಗ್‌ಮೂರ್ ಎಂಬ ಆ ಏಳು ಮನೆಯ ಹಳ್ಳಿಯಲ್ಲಿ ತೋಬ್ದನ್ ಅವನ ಪಕ್ಕದ ಮನೆಯವನು. ವಯಸ್ಸಿನಲ್ಲಿ ಎರಡು ವರ್ಷ ದೊಡ್ಡವನು, ಹಟದಲ್ಲಿ ಸರೀಕ. ಅವನ ವಿಲೋ ಮರಗಳೂ ಅದೇ ಹೊಲದ ಗೋಡೆಯ ಆಚೆ ಬದಿಗೆ. ಅವನೂ ಹೊರೆ ಕಟ್ಟಿ ಅಲ್ಲೇ ಬಿಟ್ಟಿದ್ದ. ಅವನು ಹೊತ್ತು ತರುವುದಕ್ಕೆ ಮುಂಚೆ ತಾನು ತಂದರೆ, 'ಹಿಮಕ್ಕೆ ಹೆದರಿದ' ಎಂದು ಅವನು ನಕ್ಕಾನು! ಆದ್ದರಿಂದ ಅಂಗ್‌ರೂಪ್ ತರಲಿಲ್ಲ. ಅಂಗ್‌ರೂಪ್ ತರಲಿಲ್ಲವೆಂದು ತೋಬ್ದನ್ ತರಲಿಲ್ಲ. ಉಳಿದ ಐದು ಮನೆಯವರು ಪ್ರತಿವರ್ಷದಂತೆ ಕುಲ್ಲೂವಿಗೆ ಇಳಿದು ಹೋದರು. ತೋಬ್ದನ್‌ನ ಹೆಂಡತಿಯೂ ಅಲ್ಲೇ ಇರುವ ಮಗಳ ಮನೆಗೆ ಹೋದಳು. ಹಸು ನೋಡಿಕೊಳ್ಳಬೇಕೆಂಬ ನೆಪದಲ್ಲಿ ಈ ಇಬ್ಬರು ವೀರರು ಮಾತ್ರ ಉಳಿದರು. ಮೊದಲು ಊರು ಬಿಟ್ಟವನು ಸೋತ ಹಾಗಲ್ಲವೇ!

ಇಷ್ಟಾಗಿ ಇಬ್ಬರೂ ಮಾತು ಬಿಟ್ಟು ಏಳೆಂಟು ವರ್ಷಗಳಾಗಿದ್ದವು. ಬಟಾಣಿ ಹೊಲಕ್ಕೆ ಕಾಲುವೆ ನೀರು ತಿರುಗಿಸುವ ಸರದಿ ಯಾರದೆಂಬ ಜಗಳ. ಅತ್ಯಗತ್ಯವಿದ್ದಾಗ ಮಾತು ಊರ ನಾಯಿಯ ಮೂಲಕ ನಡೆಯುತ್ತಿತ್ತು. ಆ ಕರಿನಾಯಿಯ ಹೆಸರು ಕಾಲು. ಎರಡು ಮನೆಯಲ್ಲೂ ಉಂಡು, ಯಾರ ಪಕ್ಷಕ್ಕೂ ಸೇರದೆ ಇದ್ದ ಜೀವ ಅದೊಂದೇ. ಜಗಳ ಹುಟ್ಟಿದ್ದು ಕಾಲುವೆಯಲ್ಲಿ, ಮಾತು ಉಳಿದಿದ್ದು ಕಾಲುವಿನಲ್ಲಿ!

ಬೆಳಿಗ್ಗೆ ಇಬ್ಬರೂ ತಮ್ಮ ತಮ್ಮ ಚಾವಣಿಯ ಹಿಮ ತಳ್ಳಲು ಸಲಿಕೆ ಹಿಡಿದು ಹತ್ತುತ್ತಿದ್ದರು. ನಡುವೆ ಹತ್ತು ಮಾರು ದೂರ. ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ನೋಡುತ್ತಿದ್ದುದು ಹೊಗೆ! ತೋಬ್ದನ್‌ನ ಹೊಗೆ ಕೊಳವೆಯಿಂದ ದಿನಾ ದಪ್ಪನೆಯ ಕಪ್ಪು ಹೊಗೆ ಏಳುತ್ತಿತ್ತು. 'ಎಷ್ಟು ಸೌದೆ ಇಟ್ಟಿದ್ದಾನಪ್ಪ ಪುಣ್ಯಾತ್ಮ!' ಎಂದು ಅಂಗ್‌ರೂಪ್‌ನ ಹೊಟ್ಟೆ ಉರಿಯುತ್ತಿತ್ತು. ಆ ಉರಿಯಲ್ಲಿ ಚಹಾ ಕಾಯಿಸಲು ಬರುವಂತಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಹಾಗಾಗಿ ಅವನು ಚಾವಣಿ ಹತ್ತುವ ಮುಂಚೆ ಒಲೆಗೆ ಮುಗ್ಗಿದ ಹುಲ್ಲು ತುರುಕಿ ಬರುತ್ತಿದ್ದ. ಬಿಸಿ ಬಾರದು, ಹೊಗೆ ಮಾತ್ರ ಭರ್ಜರಿ! ಮಾನ ಉಳಿಯುತ್ತಿತ್ತು, ಮೂಗು ಹೆಪ್ಪುಗಟ್ಟುತ್ತಿತ್ತು.

ಹಿಮ ತಳ್ಳಿ ಮುಗಿದ ಮೇಲೆ ದಿನ ಬಹಳ ಉದ್ದವಾಗುತ್ತಿತ್ತು. ಬಸ್ಸಿನ ಹಾರ್ನ್ ಇಲ್ಲ, ಮಕ್ಕಳ ಗಲಾಟೆ ಇಲ್ಲ, ನದಿಯೂ ಮಂಜುಗಡ್ಡೆಯಡಿ ಬಾಯಿ ಮುಚ್ಚಿಕೊಂಡಿತ್ತು. ಉಪ್ಪು ಚಹಾ ಮಾಡಿದಾಗ ಅವನ ಕೈ ತಾನಾಗಿಯೇ ಎರಡು ಬಟ್ಟಲಿಗೆ ಬಗ್ಗಿಸುತ್ತಿತ್ತು. ತನ್ನದನ್ನು ಕುಡಿದು, ಹೆಂಡತಿಯ ಪಾಲಿನದನ್ನು ನೋಡುತ್ತಾ ಕೂತು, ಆರಿದ ಮೇಲೆ ಅದನ್ನೂ ತಾನೇ ಕುಡಿಯುತ್ತಿದ್ದ. ಕೆಟಲ್ ಜೊತೆ ಮಾತಾಡುವ ಅಭ್ಯಾಸವಾಗಿತ್ತು. ಕೆಟಲ್ ಮೊದಮೊದಲು ಉತ್ತರ ಕೊಡುತ್ತಿತ್ತು. ಬೆಂಕಿ ಕಡಿಮೆಯಾದ ಮೇಲೆ ಅದೂ ಮಾತು ಬಿಟ್ಟಿತು.

ಮೂರನೆಯ ಕೊರಡು ಅಂತೂ ಇಂತೂ ಸೀಳಿ, ಉರಿದು, ಬೂದಿಯಾದ ಬೆಳಿಗ್ಗೆ ಅಂಗ್‌ರೂಪ್ ಎದ್ದು ನಿಂತ.

"ಇವತ್ತು ಸೌದೆ ತರ್ತೀನಿ!" ಎಂದು ಹಸುವಿಗೆ ಹೇಳಿದ. ಹಸು ಮೆಲುಕು ಹಾಕುವುದನ್ನು ನಿಲ್ಲಿಸಿ ಒಮ್ಮೆ ನೋಡಿ, ಮತ್ತೆ ಮೆಲುಕು ಹಾಕತೊಡಗಿತು. ಅದು ಯಾಂಗ್‌ಜೋಮ್‌ಳ ಸಾಕಣೆ. ಅವನ ಪ್ರತಿಜ್ಞೆಗಳನ್ನು ಹಿಂದೆಯೂ ಕೇಳಿತ್ತು.

ಗಂಬೂಟು, ಎರಡು ಉಣ್ಣೆ ಟೋಪಿ, ಸೊಂಟಕ್ಕೆ ಹಗ್ಗ, ಹೆಗಲಿಗೆ ಸಲಿಕೆ, ಒಂದು ಕೈಯಲ್ಲಿ ಕೊಡಲಿ, ಇನ್ನೊಂದರಲ್ಲಿ ಹಿಮ ಚುಚ್ಚಿ ನೋಡಲು ಉದ್ದನೆಯ ಕಬ್ಬಿಣದ ಸರಳು. ದಂಡಯಾತ್ರೆಗೆ ಹೊರಟ ರಾಜನೂ ಇಷ್ಟು ಸಾಮಾನು ಹೊತ್ತಿರಲಾರ! ತೋಬ್ದನ್‌ಗೆ ಕಾಣಬಾರದೆಂದು ದನದ ಕೊಟ್ಟಿಗೆಯ ಹಿಂದಿನಿಂದ ಹೊರಟ. ಮನೆಯಿಂದ ಹೊಲಕ್ಕೆ ಬೇಸಿಗೆಯಲ್ಲಿ ಒಂದು ಬೀಡಿ ಸೇದುವಷ್ಟು ದಾರಿ. ಈಗ ಒಂದು ಹೆಜ್ಜೆ ಇಟ್ಟರೆ ಸೊಂಟದವರೆಗೆ ಒಳಗೆ. ಆ ಕಾಲು ಎತ್ತುವಷ್ಟರಲ್ಲಿ ಈ ಕಾಲು ಮಾಯ. ಹೊಲ ತಲುಪುವ ಹೊತ್ತಿಗೆ ಬಲಗಾಲಿನ ಗಂಬೂಟು ಎಲ್ಲೋ ಒಳಗೇ ಉಳಿದು, ಕಾಲ್ಚೀಲವೊಂದೇ ಮೇಲೆ ಬಂದಿತ್ತು. ಹೊರೆ ಹೊರಲೆಂದು ಬೆನ್ನಿಗೆ ಹಾಕಿದ್ದ ಗೋಣಿಚೀಲವನ್ನೇ ಆ ಕಾಲಿಗೆ ಸುತ್ತಿಕೊಂಡ.

ಮೇಲೆ ನೋಡಿದರೆ ಎಲ್ಲವೂ ಬಿಳಿ. ಗೋಡೆ ಎಲ್ಲಿ, ಹೊಲ ಎಲ್ಲಿ? ಸರಳಿನಿಂದ ಚುಚ್ಚಿದ. ಕಲ್ಲು. ಇನ್ನೊಂದು ಕಡೆ ಚುಚ್ಚಿದ. ಮತ್ತೆ ಕಲ್ಲು. ಮೂರನೆಯ ಕಡೆ ಚುಚ್ಚಿದರೆ ಮೆತ್ತಗೆ ಏನೋ ತಾಗಿತು. "ಸಿಕ್ತು!" ಎಂದು ಕೂಗುವಷ್ಟರಲ್ಲಿ ನೋವಾಯಿತು. ಅದು ಅವನದೇ ಕಾಲಿನ ಗೋಣಿಚೀಲ.

ಒಂದು ಮರದ ಬುಡದಲ್ಲಿ ಹಿಮ ಪೊಳ್ಳಾಗಿತ್ತು. ಅಲ್ಲಿ ಹೆಜ್ಜೆಯಿಟ್ಟವನು ಎದೆಮಟ್ಟ ಇಳಿದುಬಿಟ್ಟ. ಕೈಯಾಡಿಸಿದಷ್ಟೂ ಮೇಲಿನಿಂದ ಹಿಮ ಸುರಿಯಿತು. ಸುಸ್ತಾಗಿ ಹಾಗೇ ನಿಂತ. ಗಾಳಿ ಇರಲಿಲ್ಲ. ಇಡೀ ಕಣಿವೆಯಲ್ಲಿ ಕೇಳಿಸುತ್ತಿದ್ದುದು ಅವನ ಉಸಿರೊಂದೇ. ಇಲ್ಲೇ ಹೀಗೇ ಇದ್ದುಬಿಟ್ಟರೆ ಯಾರಿಗೆ ಗೊತ್ತಾಗಬೇಕು? ಸಂಜೆ ಹಸು ಕೂಗೀತು. ಬೆಳಿಗ್ಗೆ ತೋಬ್ದನ್ ಚಾವಣಿ ಹತ್ತಿ, ಅಂಗ್‌ರೂಪ್‌ನ ಕೊಳವೆಯಲ್ಲಿ ಹೊಗೆ ಇಲ್ಲದ್ದು ನೋಡಿ, ಗೆದ್ದೆನೆಂದು ನಕ್ಕಾನು. ಅಂಗ್‌ರೂಪ್‌ಗೆ ಇದ್ದಕ್ಕಿದ್ದಂತೆ ಯಾರದಾದರೂ ಹೆಸರು ಕೂಗಬೇಕೆನಿಸಿತು.

"ಯಾಂಗ್‌ಜೋಮ್!"

ಎದುರು ಬೆಟ್ಟ ಎರಡು ಸಲ ಅವಳನ್ನು ಕರೆಯಿತು. ಮೂರನೆಯ ಸಲ ಅದೂ ಬೇಸತ್ತು ಸುಮ್ಮನಾಯಿತು.

ಅಂಗ್‌ರೂಪ್‌ಗೆ ಕಣ್ಣು ಹನಿಗೂಡಿತು. ಹನಿ ರೆಪ್ಪೆಯಲ್ಲೇ ಮಂಜಾಗಿ ಕೂತಿತು. ಅಳುವುದಕ್ಕೂ ಅನುಕೂಲವಿಲ್ಲದ ಊರು! ಸಿಟ್ಟಿನಿಂದ ಸಲಿಕೆಯನ್ನು ಎದುರಿನ ಹಿಮಕ್ಕೆ ಕುಕ್ಕಿದ. ಠಕ್ ಎಂದಿತು. ಕಲ್ಲಿನ ಸದ್ದಲ್ಲ. ಮರದ ಸದ್ದು!

ಮತ್ತೆ ಅವನನ್ನು ಹಿಡಿಯುವವರಿಲ್ಲ. ಹೆಗ್ಗಣದಂತೆ ಅಗೆದ. ಹೊರೆಗಳು ಸಿಮೆಂಟು ಹಾಕಿದಂತೆ ಒಂದಕ್ಕೊಂದು ಅಂಟಿದ್ದವು. ಕೊಡಲಿಯ ಹಿಂಬದಿಯಿಂದ ಹೊಡೆದು ಮೂರು ಹೊರೆ ಬಿಡಿಸಿ ಎಳೆದ. ಒಂದೊಂದೇ ಹೊತ್ತೊಯ್ದರೆ ಮೂರು ಟ್ರಿಪ್. "ಮೂರು ಟ್ರಿಪ್ಪಾ? ಅಂಗ್‌ರೂಪ್ ಡ್ರೈವರ್‌ಗೆ?" ಎಂದು ತನ್ನನ್ನೇ ಹಂಗಿಸಿಕೊಂಡು, ಮೂರನ್ನೂ ಒಟ್ಟಿಗೆ ಬಿಗಿದು, ಹಗ್ಗವನ್ನು ಸೊಂಟಕ್ಕೆ ಕಟ್ಟಿಕೊಂಡ. ಇಳಿಜಾರಿನ ಅಂಚಿಗೆ ತಂದು, ಉಸಿರು ತೆಗೆದುಕೊಳ್ಳಲೆಂದು ಹೊರೆಯ ಮೇಲೆ ಕೂತ.

ಹೊರೆ ಹೊರಟಿತು.

ಮೊದಲ ಗೇರಿನಲ್ಲಿ ಸಮಾಧಾನವಾಗಿಯೇ ಹೊರಟಿತು. ಅಂಗ್‌ರೂಪ್‌ಗೆ ಖುಷಿಯೂ ಆಯಿತು. ಎರಡನೆಯ ಗೇರಿಗೆ ಬಿದ್ದಾಗ ಟೋಪಿ ಹಾರಿತು. ಮೂರನೆಯದಕ್ಕೆ ಬಿದ್ದಾಗ ಅವನು ಬಲಗಾಲಿನಿಂದ ಬ್ರೇಕ್ ಹುಡುಕಿದ. ಸಿಕ್ಕಿದ್ದು ಗೋಣಿಚೀಲ! ಇಪ್ಪತ್ತು ವರ್ಷದಲ್ಲಿ ಒಂದು ಕೋಳಿಗೂ ಚಕ್ರ ತಾಗಿಸದ ಡ್ರೈವರ್ ಈಗ ಸ್ಟಿಯರಿಂಗೂ ಇಲ್ಲದೆ, ಪ್ರಯಾಣಿಕರೂ ಇಲ್ಲದೆ, "ಪೋಂ! ಪೋಂ! ಪೋಂ!" ಎಂದು ಬಾಯಲ್ಲೇ ಹಾರ್ನ್ ಹೊಡೆಯುತ್ತಾ ಬಂದ. ಹಿಮ ತುಂಬಿದ ಆ ಇಳಿಜಾರಿನಲ್ಲಿ ಮೇಲಿನ ಹೊಲ ಎಲ್ಲಿ ಮುಗಿಯುತ್ತದೆ, ಕೆಳಗಿನ ಮನೆಯ ಚಾವಣಿ ಎಲ್ಲಿ ಶುರುವಾಗುತ್ತದೆ ಎಂದು ಗೊತ್ತಾಗುವಂತಿರಲಿಲ್ಲ. ಗೊತ್ತಾದದ್ದು ಎದುರಿಗೆ ಹೊಗೆ ಕೊಳವೆ ಕಂಡಾಗಲೇ!

ಠಣಾರ್!

ಹೊರೆ ತೋಬ್ದನ್‌ನ ಕೊಳವೆಯನ್ನು ಬುಡಸಮೇತ ಕಿತ್ತು, ಹಗ್ಗ ಹರಿದುಕೊಂಡು, ಅಂಗಳಕ್ಕೆ ಹಾರಿತು. ಅಂಗ್‌ರೂಪ್ ಅದರ ಹಿಂದೆ ಹಾರಿ, ಆ ಬೆಳಿಗ್ಗೆಯಷ್ಟೇ ತೋಬ್ದನ್ ಚಾವಣಿಯಿಂದ ತಳ್ಳಿದ್ದ ಹಿಮದ ರಾಶಿಯಲ್ಲಿ ತಲೆಕೆಳಗಾಗಿ ನಿಂತ.

ಹೊರಬಂದು ಬಾಯಿಂದ ಹಿಮ ಉಗುಳುತ್ತಿರುವಾಗ ಮನೆಯ ಬಾಗಿಲು ತೆರೆಯಿತು. ಮೊದಲು ಒಂದು ಕಪ್ಪು ಮೋಡ ಹೊರಗೆ ಬಂತು. ಅದರ ಹಿಂದೆ ಕೆಮ್ಮುತ್ತಾ, ಅದಕ್ಕಿಂತ ಕಪ್ಪಗಾದ ತೋಬ್ದನ್ ಬಂದ.

"ಏಯ್ ಅಂಗ್‌ರೂಪ್!"

ಏಳೆಂಟು ವರ್ಷದ ಮೇಲೆ ಅವನ ಬಾಯಲ್ಲಿ ಆ ಹೆಸರು! ಸಿಟ್ಟು ಎಷ್ಟಿತ್ತೆಂದರೆ ನಾಯಿಯ ಮೂಲಕ ಹೇಳಬೇಕೆಂಬುದೂ ಮರೆತುಹೋಗಿತ್ತು. ಆದರೆ ಅಂಗ್‌ರೂಪ್‌ಗೆ ಬೈಗುಳ ಕೇಳಿಸಲೇ ಇಲ್ಲ. ಫೋನಿನ ದನಿಯಲ್ಲದ, ಬೆಟ್ಟದ ಮರುದನಿಯಲ್ಲದ, ಎದುರಿಗೆ ನಿಂತ ಮನುಷ್ಯನ ಬಾಯಿಂದ ತನ್ನ ಹೆಸರು ಕೇಳಿ ಎಷ್ಟು ದಿನಗಳಾಗಿದ್ದವು! ಅವನು ಹಿಮದಲ್ಲಿ ಕೂತು ಬೆಪ್ಪನಂತೆ ನಕ್ಕ.

ತೋಬ್ದನ್‌ಗೂ ತಪ್ಪು ಅರಿವಾಯಿತು. ಗಂಟಲು ಸರಿಮಾಡಿಕೊಂಡು ಅತ್ತಿತ್ತ ನೋಡಿದ. "ಕಾಲು! ಏ ಕಾಲು! ಆ ಮನುಷ್ಯನಿಗೆ ಹೇಳು..."

ಠಣಾರ್ ಎಂದ ಸದ್ದಿಗೆ ನಾಯಿ ಎಲ್ಲಿಗೋ ಓಡಿಹೋಗಿತ್ತು. ಮಧ್ಯಸ್ಥರೇ ಇಲ್ಲ!

"ನೇರ ಹೇಳಣ್ಣ, ಪರವಾಗಿಲ್ಲ," ಎಂದ ಅಂಗ್‌ರೂಪ್.

"ಏನಂತ ಹೇಳ್ಲಿ? ಕೊಳವೆ ಮುರಿದೆ ಅಂತ ಹೇಳ್ಲಾ, ಇಲ್ಲ ನನ್ನ ಸೌದೆ ಕದ್ದೆ ಅಂತ ಹೇಳ್ಲಾ?"

"ಯಾರ ಸೌದೆ?"

"ಒಂದೊಂದು ಹೊರೆಗೂ ಕಟ್ಟಿರೋ ಹಗ್ಗ ನೋಡು. ಹಸಿರು ನೈಲಾನು. ನೀನು ತಂತಿ ಕಟ್ತೀಯ. ನೀನು ಅಗೆದದ್ದು ಗೋಡೆಯಿಂದ ಆಚೆಗೆ, ನನ್ನ ಕಡೆ!"

ಅಂಗ್‌ರೂಪ್ ನೋಡಿದ. ಹಸಿರು ನೈಲಾನೇ. ಆದರೂ ಹೇಳಿದ: "ಒಳಗೆ ಅಷ್ಟು ಸೌದೆ ತುಂಬಿಟ್ಟುಕೊಂಡು ಇಷ್ಟಕ್ಕೆ ಯಾಕಣ್ಣ ಕೂಗಾಡ್ತೀಯ? ದಿನಾ ಅಷ್ಟು ದಪ್ಪ ಹೊಗೆ ಬಿಡ್ತೀಯಲ್ಲ!"

ತೋಬ್ದನ್ ಮುಖ ತಿರುಗಿಸಿದ.

"ಅದು... ಹಳೇ ಕಂಬಳಿ."

"ಏನು?"

"ಕಂಬಳಿ ತುಂಡು ಕಣಯ್ಯ! ಮೊನ್ನೆಯಿಂದ ಕೋಳಿಗೂಡು. ಸೌದೆ ಎಲ್ಲಿದೆ? ಮೇಲೆ ಹಿಮದಡಿ ಇತ್ತು, ನೀನು ಅದನ್ನ ನನ್ನ ತಲೆ ಮೇಲೆ ತಂದು ಹಾಕ್ದೆ! ನಿನಗೇನು, ಮನೆ ತುಂಬ ಇದೆ. ನಿನ್ನ ಹೊಗೆ ನೋಡಿ ನೋಡಿಯೇ ನಾನು ಕೋಳಿಗೂಡಿಗೆ ಕೈ ಹಾಕಿದ್ದು."

"ನಂದು ಮುಗ್ಗಲು ಹುಲ್ಲು," ಎಂದ ಅಂಗ್‌ರೂಪ್ ಮೆಲ್ಲಗೆ.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಒಬ್ಬ ತಲೆಯಿಂದ ಕಾಲಿನವರೆಗೆ ಬಿಳಿ, ಇನ್ನೊಬ್ಬ ಕಾಲಿನಿಂದ ತಲೆಯವರೆಗೆ ಕಪ್ಪು. ಮೊದಲು ನಕ್ಕವರು ಯಾರೆಂಬ ಬಗ್ಗೆ ಇಂದಿಗೂ ಜಗಳವಿದೆ.

"ಕೋಳಿಗಳನ್ನೇನು ಮಾಡ್ದೆ?"

"ಹೆಂಡತಿ ಜೊತೆ ಕುಲ್ಲೂಗೆ ಹೋದ್ವು. ನನ್ನನ್ನ ಒಬ್ಬನೇ ಬಿಟ್ಟು," ಎಂದ ತೋಬ್ದನ್. ನಗು ಅಲ್ಲಿಗೆ ಸ್ವಲ್ಪ ಸಣ್ಣದಾಯಿತು.

ಕೊಳವೆ ಬಾಗಿ ಬಳೆಯಾಗಿತ್ತು. ಕೊಳವೆಯಿಲ್ಲದ ಮನೆಯಲ್ಲಿ ಆ ಚಳಿಗೆ ಮನುಷ್ಯ ಇರುವಂತಿರಲಿಲ್ಲ. ಹೀಗಾಗಿ ತೋಬ್ದನ್ ತನ್ನ ಹಾಸಿಗೆ, ಒಣಮಾಂಸದ ಚೀಲ, ಜವೆಗೋಧಿ ಹಿಟ್ಟಿನ ಡಬ್ಬಿ ಹೊತ್ತು ಅಂಗ್‌ರೂಪ್‌ನ ಮನೆಗೆ ಬಂದ. ಮೂರು ಹೊರೆಯೂ ಬಂತು. ಆ ಸಂಜೆ ಒಲೆಯ ತಗಡು ಕೆಂಪಗಾಯಿತು. ಅಂಗ್‌ರೂಪ್ ಎರಡು ಬಟ್ಟಲಿಗೆ ಚಹಾ ಬಗ್ಗಿಸಿದ. ಎರಡನೆಯದರ ಮುಂದೆ ಒಬ್ಬ ಮನುಷ್ಯ ಕೂತಿದ್ದ!

"ಉಪ್ಪು ಜಾಸ್ತಿ," ಎಂದ ಆ ಮನುಷ್ಯ.

ಅಂಗ್‌ರೂಪ್‌ಗೆ ಅದೂ ಹಿತವಾಗಿತ್ತು.

ಮಾರನೆಯ ದಿನದಿಂದ ಇಬ್ಬರೂ ಒಟ್ಟಿಗೆ ಹೊಲಕ್ಕೆ ಹೋದರು. ಒಬ್ಬ ಚುಚ್ಚುವುದು, ಒಬ್ಬ ಅಗೆಯುವುದು. ಎಲ್ಲಿ ಅಗೆಯಬೇಕೆಂಬುದಕ್ಕೆ ಜಗಳ, ಯಾರ ಹೊರೆ ಮೊದಲೆಂಬುದಕ್ಕೆ ಜಗಳ. ಆದರೆ ಹೊರೆಯ ಮೇಲೆ ಕೂರಬಾರದೆಂಬುದಕ್ಕೆ ಇಬ್ಬರದೂ ಒಂದೇ ಮಾತು. ವಾರ ಕಳೆಯುವಷ್ಟರಲ್ಲಿ ಮನೆಯೊಳಗೆ ನಿಜವಾಗಿಯೂ ಕಾಲಿಡಲು ಜಾಗವಿರಲಿಲ್ಲ. ಒಂದು ಮಧ್ಯಾಹ್ನ ಅಂಗ್‌ರೂಪ್ ಚಾವಣಿ ಹತ್ತಿ ಫೋನು ಮಾಡಿದ. ಹಿಂದೆಯೇ ತೋಬ್ದನ್ ಕೆಮ್ಮುತ್ತಾ ಬಂದು ನಿಂತ.

"ಅದು ಯಾರು ಕೆಮ್ಮಿದ್ದು?" ಎಂದಳು ಯಾಂಗ್‌ಜೋಮ್.

"ರೇಡಿಯೋ."

"ತೋಬ್ದನ್ ಭಾವನ ಕೆಮ್ಮಿನ ಹಾಗಿದೆ. ಅವರ ಹೆಂಡತಿ ಇಲ್ಲೇ ನನ್ನ ಪಕ್ಕ ಕೂತಿದ್ದಾರೆ. ಸೌದೆ ಇಲ್ಲ, ಕೋಳಿಗೂಡು ಸುಟ್ಟೆ ಅಂತ ಅವರು ಎಂಟು ದಿನದ ಹಿಂದೆಯೇ ಹೆಂಡತಿ ಹತ್ರ ಒಪ್ಪಿಕೊಂಡ್ರು. ನೀನು ಯಾವಾಗ ಒಪ್ಪಿಕೊಳ್ತೀಯ ಅಂತ ನಾವಿಬ್ಬರೂ ಕಾಯ್ತಿದ್ವಿ."

ಅಂಗ್‌ರೂಪ್ ತಿರುಗಿ ತೋಬ್ದನ್‌ನನ್ನು ದುರುಗುಟ್ಟಿ ನೋಡಿದ. ತೋಬ್ದನ್ ಎದುರು ಬೆಟ್ಟ ನೋಡುತ್ತಿದ್ದ.

"ಈಗ ನಿಜವಾಗ್ಲೂ ಇದೆ ಸೌದೆ. ದೇವರಾಣೆ," ಎಂದ ಅಂಗ್‌ರೂಪ್ ಫೋನಿಗೆ. ದನಿ ತಗ್ಗಿಸಿ, "ಬೇಗ ಬಾ," ಎಂದ.

"ಸೌದೆ ಇದೆ ಅಂತೀಯ, ಮತ್ತೆ ಯಾಕೆ ಬೇಗ ಬರಬೇಕು?"

ಬಸ್ಸಿನಲ್ಲಾದರೆ ಇಂಥ ಹೊತ್ತಿಗೆ ಹಾರ್ನ್ ಹೊಡೆಯಬಹುದಿತ್ತು. ತೋಬ್ದನ್ ಯಾಕೋ ತಾನಾಗಿಯೇ ಏಣಿ ಇಳಿದು ಹೋದ.

"ಸುಮ್ನೆ," ಎಂದ ಅಂಗ್‌ರೂಪ್ ಕೊನೆಗೆ.

"ದಾರಿ ಬಿಟ್ಟ ದಿನವೇ ಬರ್ತೀನಿ," ಎಂದಳು ಅವಳು.

ದಾರಿ ಬಿಡಲು ಫೆಬ್ರವರಿ ಮುಗಿಯಬೇಕಾಯಿತು. ಹಿಮ ತಳ್ಳುವ ಯಂತ್ರದ ಹಿಂದೆ ಬಂದ ಮೊದಲ ಜೀಪಿನಲ್ಲೇ ಯಾಂಗ್‌ಜೋಮ್ ಬಂದಳು. ಅಂಗ್‌ರೂಪ್ ಆ ದಿನ ಗಡ್ಡ ಹೆರೆದು, ಎರಡು ಕಡೆ ಕೆನ್ನೆ ಕೊಯ್ದುಕೊಂಡು, ಮನೆ ಗುಡಿಸಿ, ಥುಕ್ಪಾ ಎಂಬ ಶಾವಿಗೆ ಸಾರು ಬೇಯಿಸಿ, ಬಾಗಿಲಲ್ಲಿ ನಿಂತಿದ್ದ. ಏನು ಹೇಳಬೇಕೆಂದು ಬೆಳಿಗ್ಗೆಯಿಂದ ತೋಬ್ದನ್‌ನ ಮುಂದೆ ಅಭ್ಯಾಸವನ್ನೂ ಮಾಡಿದ್ದ. ಅವಳು ದಾರಿಯಲ್ಲಿ ಕಾಣಿಸಿದಾಗ ಅದೆಲ್ಲ ಮರೆತುಹೋಗಿ, ಎರಡೂ ಕೈ ಮುಂದೆ ಚಾಚಿದ.

ಯಾಂಗ್‌ಜೋಮ್ ಆ ಕೈಗಳಿಗೆ ತನ್ನ ಎರಡು ಚೀಲ ನೇತುಹಾಕಿ, ನೇರ ಕೊಟ್ಟಿಗೆಗೆ ನುಗ್ಗಿದಳು.

"ಅಯ್ಯೋ ನನ್ನ ಬಂಗಾರ! ಎಷ್ಟು ಸೊರಗಿದ್ದೀಯ! ಮೂಳೆ ಕಾಣ್ತಿದೆಯಲ್ಲೇ! ಒಬ್ಬಳೇ ಬೇಜಾರಾಯ್ತಾ? ಚಳಿ ಆಯ್ತಾ? ನನ್ನ ನೆನಪಾಯ್ತಾ?"

ಒಲೆಯ ಮೇಲಿನ ಚಹಾ ಕುದಿದು, ಇಳಿಸಿ, ಆರಿ, ಮತ್ತೆ ಕುದಿಯಲು ಶುರುವಾದರೂ ಕೊಟ್ಟಿಗೆಯ ಉಪಚಾರ ಮುಗಿಯಲಿಲ್ಲ. ಚೀಲ ಹಿಡಿದ ಅಂಗ್‌ರೂಪ್ ಮೆಲ್ಲಗೆ ಹೋಗಿ ಕೊಟ್ಟಿಗೆಯ ಬಾಗಿಲಲ್ಲಿ ನಿಂತ. ಕೆನ್ನೆಯನ್ನು ಇನ್ನಷ್ಟು ಒಳಗೆಳೆದುಕೊಂಡ.

"ನೋಡು ಇಲ್ಲಿ. ನಾನೂ ಸೊರಗಿದ್ದೀನಿ."

ಯಾಂಗ್‌ಜೋಮ್ ಹಸುವಿನ ಕುತ್ತಿಗೆ ಬಿಡದೆ, ತಲೆ ಮಾತ್ರ ತಿರುಗಿಸಿ, ಅವನನ್ನು ಮೇಲಿನಿಂದ ಕೆಳಗೆ ನೋಡಿದಳು.

"ನೀನು ಹಾಲು ಕೊಡ್ತೀಯಾ?"